ಚಿಗಟವು ಮನೆ ಹೊಗುವ ಬಗೆ ಮತ್ತು ಅದನ್ನು ತಡೆಯುವ ಕ್ರಮ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಕುರಿತು

1. ಪೀಠಿಕೆ

ಬಳ್ಳಾರಿ ಸೀಮೆಯ ಪಶ್ಚಿಮ ಭಾಗದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಆಡಳಿತದ ಎಲ್ಲೆಗಳು ಹಲವು ಸಾರಿ ಬದಲಾಗಿದ್ದರೂ ಇಲ್ಲಿನ ಒಕ್ಕಲುತನದ ರೀತಿ ಬಹುಮಟ್ಟಿಗೆ ಒಂದೇ ತೆರನಾದುದು. ಮಳೆ ಕಡಮೆ, ಬೇಸಗೆ ಕಡು. ಮಳೆಯನ್ನೇ ನಂಬಿದ ಜೋಳ, ಶೇಂಗಾ, ಮೆಕ್ಕೆಜೋಳಗಳ ಬೇಸಾಯದೊಡನೆ ಕುರಿ, ಮೇಕೆ, ದನಗಳ ಸಾಕಣೆ ಸೇರಿಕೊಂಡಿದೆ. ಬೆಳೆ ಕೈಗೂಡದ ವರ್ಷಗಳಲ್ಲಿ ಅನೇಕ ಸಂಸಾರಗಳು ಮನೆಗೆ ಬೀಗ ಹಾಕಿ, ಕೂಲಿಯನ್ನರಸಿ ದೂರದ ಊರುಗಳಿಗೆ ಗುಳೆ ಹೋಗುವುದೂ ಈ ಸೀಮೆಯಲ್ಲಿ ಹಳೆಯ ಮಾತು.

ಹೀಗೆ ಗುಳೆ ಹೋದ ಸಂಸಾರವು ಎರಡು ಮೂರು ತಿಂಗಳ ಮೇಲೆ ಮರಳಿ ಬಂದು ಬಾಗಿಲು ತೆರೆದು ಒಳಗೆ ಕಾಲಿಟ್ಟೊಡನೆ, ಹತ್ತಾರು ಚಿಗಟಗಳು ಏಕಕಾಲಕ್ಕೆ ಕಾಲಿಗೆ ಹತ್ತುವುದುಂಟು. ರಾತ್ರಿ ನೆಲದ ಮೇಲೆ ಮಲಗಿದ ಕೂಸಿನ ಮೈಯೆಲ್ಲ ಬೆಳಗಾಗುವ ವೇಳೆಗೆ ಕೆಂಪು ಗಂಧೆಗಳಾಗಿರುತ್ತವೆ. ಇಷ್ಟು ದಿನ ಮನೆಯಲ್ಲಿ ಮನುಷ್ಯರಿರಲಿಲ್ಲ, ನಾಯಿಯಿರಲಿಲ್ಲ, ಮೇಕೆಗಳಿರಲಿಲ್ಲ. ರಕ್ತವನ್ನಲ್ಲದೆ ಬೇರೆ ಆಹಾರವನ್ನರಿಯದ ಕೀಟವು ಬೀಗ ಹಾಕಿದ ಮನೆಯಲ್ಲಿ ಏನನ್ನು ತಿಂದು ಬದುಕಿತ್ತು? ಈ ಸಣ್ಣ ಪ್ರಶ್ನೆಗೆ ದೊರೆಯುವ ಉತ್ತರದಲ್ಲಿಯೇ ಚಿಗಟ ನಿವಾರಣೆಯ ತತ್ತ್ವವೆಲ್ಲ ಅಡಗಿದೆ. ಚಿಗಟವು ಪ್ರಾಣಿಯ ಮೈಮೇಲಿನ ಕೀಟವೆಂದು ನಾವು ತಿಳಿದಿದ್ದೇವೆ. ಆದರೆ ಅದರ ಆಯುಷ್ಯದ ಹೆಚ್ಚಿನ ಭಾಗ ಕಳೆಯುವುದು ಮನೆಯ ನೆಲದ ಧೂಳಿನಲ್ಲಿ. ಆದುದರಿಂದ ಅದನ್ನು ಮನೆಯಿಂದ ಹೊರಗಿಡಬೇಕಾದರೆ ಪ್ರಾಣಿಗೂ ನೆಲಕ್ಕೂ ಒಟ್ಟಿಗೆ ಉಪಚಾರ ನಡೆಯತಕ್ಕದ್ದು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಶ್ರಮವೆಲ್ಲ ವ್ಯರ್ಥ. ಈ ಮಾತನ್ನು ಇಲ್ಲಿನ ಮನೆಗಳ ಸ್ಥಿತಿಗೆ ಹೊಂದಿಸಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕೀಟದ ಪರಿಚಯ

ಹೇನು, ತಿಗಣೆ, ಉಣ್ಣೆ, ಚಿಗಟ ಇವು ನಾಲ್ಕೂ ರಕ್ತವನ್ನು ಹೀರುವ ಜೀವಿಗಳಾದರೂ ಬೇರೆ ಬೇರೆ ಕುಲದವು. ಹೇನು ಒಂದೇ ಪ್ರಾಣಿಯ ಮೈಮೇಲೆ ಹುಟ್ಟಿ ಅಲ್ಲಿಯೇ ಸಾಯುತ್ತದೆ. ತಿಗಣೆ ಹಗಲೆಲ್ಲ ಹೊರಸಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತದೆ. ಉಣ್ಣೆಯಂತೂ ಕೀಟವೇ ಅಲ್ಲ, ಎಂಟು ಕಾಲುಗಳ ಜೇಡದ ಬಳಗಕ್ಕೆ ಸೇರಿದುದು. ಮಲೆನಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಕ್ಯಾಸನೂರು ಕಾಡಿನ ಕಾಯಿಲೆಯನ್ನು ಹರಡುವುದು ಉಣ್ಣೆಯೇ ಹೊರತು ಚಿಗಟವಲ್ಲ. ಯಾವುದು ಕಚ್ಚುತ್ತಿದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳದೆ ಔಷಧಕ್ಕೆ ಹಣ ಚೆಲ್ಲುವುದು ಸರಿಯಲ್ಲ.

ಬೆಳೆದ ಚಿಗಟವು ಸುಮಾರು 1.5ರಿಂದ 3 ಮಿಲಿಮೀಟರು ಉದ್ದವಿರುತ್ತದೆ. ಬಣ್ಣ ಕಂದುಗೆಂಪು, ರೆಕ್ಕೆಗಳಿಲ್ಲ. ದೇಹವು ಎರಡು ಪಕ್ಕಗಳಿಂದ ಅದುಮಿದಂತೆ ಚಪ್ಪಟೆಯಾಗಿರುವುದರಿಂದ ರೋಮಗಳ ನಡುವೆ ಸಲೀಸಾಗಿ ನುಸುಳಬಲ್ಲದು. ಮೈಮೇಲಿನ ಬಿರುಗೂದಲುಗಳು ಹಿಂದಕ್ಕೆ ಬಾಗಿರುವುದರಿಂದ ಪ್ರಾಣಿ ಎಷ್ಟು ಕೆರೆದುಕೊಂಡರೂ ಅದು ಸುಲಭವಾಗಿ ಉದುರುವುದಿಲ್ಲ. ಹಿಂಗಾಲುಗಳ ಬುಡದಲ್ಲಿ ರೆಸಿಲಿನ್ ಎಂಬ, ರಬ್ಬರಿನಂತೆ ಎಳೆತವುಳ್ಳ ಒಂದು ಪ್ರೋಟೀನು ಇದೆ. ಇದನ್ನು ಅದುಮಿ ಹಿಡಿದು ಒಮ್ಮೆಗೇ ಬಿಡುವುದರಿಂದ ಕೀಟವು ತನ್ನ ದೇಹದ ನೂರುಪಾಲಿನಷ್ಟು ದೂರ ನೆಗೆಯಬಲ್ಲದು. ಆದರೂ ಈ ನೆಗೆತಕ್ಕೆ ಮಿತಿಯುಂಟು. ನೆಲದಿಂದ ಮೇಲಕ್ಕೆ ಅದು ಒಂದು ಗೇಣಿಗಿಂತ ಹೆಚ್ಚು ಏರುವುದಿಲ್ಲ. ಮನುಷ್ಯರಿಗೆ ಕಡಿತಗಳು ಬಹುಮಟ್ಟಿಗೆ ಪಾದ, ಹರಡು, ಮೀನಖಂಡಗಳಲ್ಲಿಯೇ ಕಂಡುಬರುವುದಕ್ಕೆ ಇದೇ ಕಾರಣ. ಈ ಮಿತಿಯು ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

ಚಿಗಟಗಳಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟು ಜಾತಿಗಳಿವೆ. ಮನೆವಾರ್ತೆಗೆ ಸಂಬಂಧಿಸಿದವು ಕೆಲವು ಮಾತ್ರ. ನಾಯಿ, ಬೆಕ್ಕುಗಳ ಮೈಮೇಲೆ ಜಗತ್ತಿನಲ್ಲೆಲ್ಲ ಹೆಚ್ಚಾಗಿ ಕಾಣುವುದು ಬೆಕ್ಕಿನ ಚಿಗಟ. ಅದರ ಹತ್ತಿರದ ಬಂಧುವಾದ ಇನ್ನೊಂದು ಜಾತಿಯು ನಮ್ಮ ದೇಶದಲ್ಲಿ ನಾಯಿಗಳ ಮೇಲೆಯೂ ಮೇಕೆಗಳ ಮೇಲೆಯೂ ಬದುಕುತ್ತದೆ. ಇಲಿಗಳ ಮೇಲೆ ಇರುವುದು ಬೇರೊಂದು ಜಾತಿ. ಅದನ್ನು ಇಲಿಚಿಗಟವೆಂದು ಕರೆಯೋಣ. ಕೋಳಿಗಳ ಕಣ್ಣು, ಜುಟ್ಟುಗಳ ಸುತ್ತ ಕಚ್ಚಿ ಹಿಡಿದು ಕದಲದೆ ಕುಳಿತಿರುವ ಕಪ್ಪು ಚುಕ್ಕೆಗಳು ಮತ್ತೊಂದು ಜಾತಿಯವು.

3. ಜೀವನಕ್ರಮ

ಬೆಕ್ಕಿನ ಚಿಗಟದ ಹೆಣ್ಣು ಮೊದಲ ಬಾರಿ ರಕ್ತವನ್ನು ಕುಡಿದ ಒಂದೆರಡು ದಿನಗಳಲ್ಲಿಯೇ ಮೊಟ್ಟೆಯಿಡತೊಡಗುತ್ತದೆ. ದಿನವೊಂದಕ್ಕೆ 40ರಿಂದ 50 ಮೊಟ್ಟೆಗಳನ್ನಿಡುವುದೂ ಉಂಟು. ಹೇನಿನ ಸೀರಿನಂತೆ ಈ ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳುವುದಿಲ್ಲ. ಪ್ರಾಣಿಯು ಓಡಾಡುವಾಗ, ಮೈಕೊಡಹುವಾಗ, ಮಲಗುವಾಗ ನುಣುಪಾದ ಬಿಳಿಯ ಮೊಟ್ಟೆಗಳು ಉದುರಿ ನೆಲ ಸೇರುತ್ತವೆ. ಅವುಗಳೊಡನೆಯೇ ಚಿಗಟದ ಹಿಕ್ಕೆಯೂ ಕರಿಯ ಮೆಣಸಿನ ಪುಡಿಯಂತೆ ಉದುರುತ್ತದೆ. ಈ ಹಿಕ್ಕೆ ಒಣಗಿದ ರಕ್ತವಲ್ಲದೆ ಬೇರೆಯಲ್ಲ.

ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು, ಕಾಲುಗಳೂ ಕಣ್ಣುಗಳೂ ಇಲ್ಲದ, ದಾರದೆಳೆಯಂಥ ಮರಿಹುಳು ಹೊರಬರುತ್ತದೆ. ಇದು ಯಾರನ್ನೂ ಕಚ್ಚುವುದಿಲ್ಲ. ತಾಯಿಚಿಗಟವು ಮೇಲಿನಿಂದ ಉದುರಿಸಿದ ಒಣರಕ್ತವೇ ಅದರ ಮುಖ್ಯ ಆಹಾರ. ಬೆಳಕನ್ನು ಕಂಡರೆ ಅದು ಹಿಮ್ಮೆಟ್ಟುತ್ತದೆ. ಬಿರುಕು, ಸಂದು, ಧೂಳು ಇವುಗಳ ಆಳಕ್ಕೆ ಇಳಿಯುತ್ತದೆ. ಅದಕ್ಕೆ ಅತ್ಯಗತ್ಯವಾದುದು ತೇವ. ಗಾಳಿಯ ಆರ್ದ್ರತೆ ನೂರಕ್ಕೆ ಐವತ್ತಕ್ಕಿಂತ ಕೆಳಗಿಳಿದರೆ ಒಣಗಿ ಸಾಯುತ್ತದೆ. 35 ಡಿಗ್ರಿ ಸೆಂಟಿಗ್ರೇಡಿನ ಮೇಲಿನ ಶಾಖವೂ ಅದಕ್ಕೆ ಮಾರಕ.

ಹೀಗೆ ಒಂದೆರಡು ವಾರ ಬೆಳೆದ ಹುಳುವು ರೇಷ್ಮೆಯಂಥ ಎಳೆಗಳಿಂದ ಗೂಡು ಕಟ್ಟಿಕೊಳ್ಳುತ್ತದೆ. ಎಳೆಗಳು ಅಂಟಾಗಿರುವುದರಿಂದ ಸುತ್ತಲಿನ ಧೂಳು, ಮರಳು ಅದಕ್ಕೆ ಮೆತ್ತಿಕೊಂಡು ಗೂಡು ಮಣ್ಣಿನ ಕಣದಂತೆಯೇ ತೋರುತ್ತದೆ. ಒಳಗೆ ಚಿಗಟವು ಪೂರ್ಣರೂಪವನ್ನು ತಾಳಿದ ಮೇಲೂ ತಕ್ಷಣ ಹೊರಬರಬೇಕೆಂಬ ನಿಯಮವಿಲ್ಲ. ಪ್ರಾಣಿಯ ಸುಳಿವು ಸಿಗುವವರೆಗೆ ವಾರಗಟ್ಟಲೆ, ತಂಪಾದ ಸ್ಥಳದಲ್ಲಿ ತಿಂಗಳುಗಟ್ಟಲೆ, ಅದು ಗೂಡಿನೊಳಗೇ ಕಾಯಬಲ್ಲದು. ಹೆಜ್ಜೆಯ ಅದಿರಾಟ, ಮೈಯ ಬಿಸಿ, ಉಸಿರಿನ ಅಂಗಾರಾಮ್ಲ ಇವೇ ಅದಕ್ಕೆ ಕರೆ. ಕರೆ ಬಂದ ಕೆಲವೇ ಕ್ಷಣಗಳಲ್ಲಿ ಗೂಡನ್ನು ಸೀಳಿ ನೆಗೆಯುತ್ತದೆ.

ಪೀಠಿಕೆಯ ಪ್ರಶ್ನೆಗೆ ಈಗ ಉತ್ತರ ದೊರೆಯಿತು. ಬೀಗ ಹಾಕಿದ ಮನೆಯಲ್ಲಿ ಚಿಗಟವು ಏನನ್ನೂ ತಿನ್ನುತ್ತಿರಲಿಲ್ಲ, ಕಾಯುತ್ತಿತ್ತು. ಸಂಸಾರವು ಊರು ಬಿಡುವ ಮುನ್ನ ನೆಲಕ್ಕೆ ಬಿದ್ದಿದ್ದ ಮೊಟ್ಟೆಗಳು ಒಂದೊಂದಾಗಿ ಹುಳುಗಳಾಗಿ, ಗೂಡುಗಳಾಗಿ ಬಾಗಿಲು ತೆರೆಯುವ ದಿನದವರೆಗೆ ನಿಂತಿದ್ದವು. ಹಿಂತಿರುಗಿದವರ ಮೊದಲ ಹೆಜ್ಜೆಯೇ ಅವುಗಳನ್ನೆಲ್ಲ ಒಟ್ಟಿಗೆ ಎಬ್ಬಿಸಿತು. ಬೆಳೆದ ಚಿಗಟಗಳು ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಐದರಷ್ಟು ಮಾತ್ರವೆಂದೂ, ಉಳಿದ ತೊಂಬತ್ತೈದು ಮೊಟ್ಟೆ, ಹುಳು, ಗೂಡುಗಳ ರೂಪದಲ್ಲಿ ನೆಲದಲ್ಲಿರುವುವೆಂದೂ ತಜ್ಞರು ಸಾಮಾನ್ಯವಾಗಿ ಹೇಳುವ ಲೆಕ್ಕ. ನಮ್ಮ ಕಣ್ಣಿಗೆ ಬೀಳುವುದು ಆ ಐದು.

4. ಇಲ್ಲಿನ ಮನೆಗಳು ಮತ್ತು ಚಿಗಟದ ದಾರಿಗಳು

ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದನಕ್ಕೂ ಜನಕ್ಕೂ ಒಂದೇ ಬಾಗಿಲು. ಒಳಹೊಕ್ಕೊಡನೆ ತಗ್ಗಾದ ಅಂಕಣದಲ್ಲಿ ದನಗಳ ಗೋದಲಿ. ಅದರಾಚೆ ಒಂದು ಮೆಟ್ಟಿಲಿನಷ್ಟು ಎತ್ತರದ ಪಡಸಾಲೆ. ಅಲ್ಲಿಂದ ಮುಂದೆ ಅಡುಗೆಯ ಮನೆ, ಬಚ್ಚಲು. ಕಳ್ಳರ ಭಯ, ತೋಳದ ಭಯ, ಮಳೆ ಬಿಸಿಲುಗಳಿಂದ ಜೀವಧನವನ್ನು ಕಾಪಾಡಬೇಕೆಂಬ ಕಾಳಜಿ ಇವು ಈ ರಚನೆಗೆ ಕಾರಣ. ಇಂದು ಸಿಮೆಂಟಿನ ಮನೆಗಳು ಹೆಚ್ಚಿವೆಯಾದರೂ ಹಳೆಯ ಮನೆಗಳು ಎಷ್ಟೋ ಉಳಿದಿವೆ. ಹೊಸ ಮನೆಗಳಲ್ಲಿಯೂ ಮೇಕೆಮರಿಯನ್ನು ರಾತ್ರಿ ಒಳಗೆ ಕಟ್ಟುವ ರೂಢಿ ಪೂರ್ತಿಯಾಗಿ ತಪ್ಪಿಲ್ಲ.

ಬಯಲಿನಲ್ಲಿ ಏಪ್ರಿಲ್, ಮೇ ತಿಂಗಳುಗಳ ಬಿಸಿಲು 40 ಡಿಗ್ರಿ ಮುಟ್ಟುವಾಗ ಅಂಗಳದ ತೆರೆದ ಮಣ್ಣಿನಲ್ಲಿ ಚಿಗಟದ ಹುಳು ಬದುಕಲಾರದು. ಪ್ರಕೃತಿಯೇ ಅಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಆದರೆ ದಪ್ಪ ಗೋಡೆಯ ಮನೆಯ ಒಳಭಾಗ ಅದೇ ಕಾಲದಲ್ಲಿ ತಂಪಾಗಿರುತ್ತದೆ. ಗೋದಲಿಯ ಬುಡ ಗಂಜಲದಿಂದಲೂ, ನೀರಿನ ಕೊಡಗಳ ಸುತ್ತಲಿನ ನೆಲ ಚೆಲ್ಲಿದ ನೀರಿನಿಂದಲೂ ತೇವವಾಗಿರುತ್ತವೆ. ಮನುಷ್ಯರಿಗೆ ಹಿತವಾದ ಆ ತಂಪೇ ಹುಳುವಿಗೂ ಹಿತ. ಮುಂಗಾರು ಹಿಡಿದ ಮೇಲೆ ಎಲ್ಲೆಲ್ಲಿಯೂ ಆರ್ದ್ರತೆಯೇರಿ ಅದರ ಸಂತತಿ ಹಬ್ಬುತ್ತದೆ. ಗುಳೆಯಿಂದ ಮರಳುವವರು ಬಿತ್ತನೆಯ ಹೊತ್ತಿಗೆ ಬರುವುದೂ ಇದೇ ಕಾಲದಲ್ಲಿ ಎಂಬುದು ಗಮನಾರ್ಹ.

ಚಿಗಟವು ಮನೆಯನ್ನು ಹೊಗುವ ದಾರಿಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ನಾಯಿ ಮತ್ತು ಬೆಕ್ಕು. ಸಾಕಿದ ನಾಯಿಗಿಂತಲೂ, ರಾತ್ರಿ ಕಟ್ಟೆಯ ಮೇಲೋ ಬಂಡಿಯ ಕೆಳಗೋ ಮಲಗಿ ಬೆಳಗ್ಗೆ ಎದ್ದು ಹೋಗುವ ಬೀದಿನಾಯಿಯೇ ಹೆಚ್ಚು ಅಪಾಯಕರ. ಅದು ಹೋಗುತ್ತದೆ, ಅದು ಉದುರಿಸಿದ ಮೊಟ್ಟೆಗಳು ಬಾಗಿಲಿನ ಬಳಿಯಲ್ಲಿಯೇ ಉಳಿಯುತ್ತವೆ. ಎರಡನೆಯದು ಮೇಕೆ. ಮೈತುಂಬ ಚಿಗಟ ಹತ್ತಿದ ಎಳೆಯ ಮರಿಗಳು ರಕ್ತ ಕುಂದಿ ಸೊರಗುತ್ತವೆ, ಕೆಲವೊಮ್ಮೆ ಸಾಯುತ್ತವೆ. ನಾಲ್ಕು ಮೇಕೆಗಳೇ ಆಸ್ತಿಯಾಗಿರುವ ಸಂಸಾರಕ್ಕೆ ಇದು ಸಣ್ಣ ನಷ್ಟವಲ್ಲ. ಮೂರನೆಯದು ಹಾಸಿಗೆ ಹೊದಿಕೆಗಳು. ಬಳ್ಳಾರಿ ತಳಿಯ ಕುರಿಗಳ ಒರಟು ಉಣ್ಣೆಯಿಂದ ನೇಯ್ದ ಕಂಬಳಿಯು ಇಲ್ಲಿ ಕುರಿಗಾರನ ಹಾಸಿಗೆ, ಹೊದಿಕೆ, ಕೊಡೆ ಎಲ್ಲವೂ ಆಗಿದೆ. ಮಂದೆಯ ನಡುವೆ ನೆಲದ ಮೇಲೆ ಹಾಸಿದ ಕಂಬಳಿ ಮನೆಗೆ ಬಂದಾಗ ಅದರ ಎಳೆಗಳ ನಡುವೆ ಮೊಟ್ಟೆಗಳೂ ಗೂಡುಗಳೂ ಬರಬಹುದು. ನಾಲ್ಕನೆಯದು ಇಲಿ. ಮೆಕ್ಕೆಜೋಳ, ಶೇಂಗಾ ಚೀಲಗಳನ್ನು ಬೆಲೆ ಬರುವವರೆಗೆ ಮನೆಯಲ್ಲಿಯೇ ಒಟ್ಟುವ ಕಡೆಗಳಲ್ಲಿ ಇಲಿಯೂ, ಇಲಿಯೊಡನೆ ಇಲಿಚಿಗಟವೂ ತಾವಾಗಿ ಬರುತ್ತವೆ. ಜನರಿಲ್ಲದೆ ಮುಚ್ಚಿದ ಮನೆಯಲ್ಲಿ ಚೀಲಗಳಿದ್ದರಂತೂ ಹೇಳುವುದೇ ಬೇಡ.

5. ಇಲಿಚಿಗಟ: ಪ್ಲೇಗಿನ ಪಾಠ

ಈ ನಾಲ್ಕನೆಯ ದಾರಿಯ ಬಗ್ಗೆ ವಿಶೇಷವಾಗಿ ಹೇಳಬೇಕಾದುದಿದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನು ಹೊಕ್ಕಿತು. ಅದೇ ವರ್ಷ ಆಗಸ್ಟಿನಲ್ಲಿ ರೈಲುಮಾರ್ಗವಾಗಿ ಬೆಂಗಳೂರನ್ನು ಮುಟ್ಟಿತು. ಬಳ್ಳಾರಿ ಜಿಲ್ಲೆಯೂ ಅದರ ಹಾವಳಿಗೆ ಹೊರತಾಗಿರಲಿಲ್ಲ. ಮುಂದಿನ ದಶಕಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಈ ಬೇನೆಗೆ ಬಲಿಯಾದರು.

ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದರೂ ಅದು ಇಲಿಯಿಂದ ಮನುಷ್ಯನಿಗೆ ಬರುವ ದಾರಿ ತಿಳಿದಿರಲಿಲ್ಲ. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂದ್ ಎಂಬ ಫ್ರೆಂಚ್ ವೈದ್ಯನು, ರೋಗದ ಇಲಿಯಿಂದ ಆರೋಗ್ಯದ ಇಲಿಗೆ ಚಿಗಟವೇ ರೋಗವನ್ನು ಸಾಗಿಸುವುದೆಂದು ಪ್ರಯೋಗದಿಂದ ತೋರಿಸಿದನು. ಅನೇಕ ವಿದ್ವಾಂಸರು ಅದನ್ನು ಆಗ ನಂಬಲಿಲ್ಲ. ಕೆಲವು ವರ್ಷಗಳ ಮೇಲೆ ಮುಂಬಯಿಯಲ್ಲಿ ಪ್ಲೇಗು ತನಿಖೆಯ ಮಂಡಲಿಯು ಪ್ಲೇಗು ತಗುಲಿದ ಮನೆಗಳಲ್ಲಿ ಗಿನಿಹಂದಿಗಳನ್ನಿಟ್ಟು ಪರೀಕ್ಷಿಸಿತು. ನೆಲದಿಂದ ಎರಡು ಅಂಗುಲ ಎತ್ತರದ ಪಂಜರದಲ್ಲಿದ್ದ ಪ್ರಾಣಿಗೆ ರೋಗ ಬಂದಿತು. ಎರಡು ಅಡಿ ಎತ್ತರದಲ್ಲಿ ತೂಗುಹಾಕಿದ ಪಂಜರದ ಪ್ರಾಣಿಗೆ ಬರಲಿಲ್ಲ. ಗಾಳಿಯೂ ನೆಲದ ವಿಷವೂ ಕಾರಣವಲ್ಲ, ಚಿಗಟದ ನೆಗೆತವೇ ಕಾರಣವೆಂಬುದು ಇದರಿಂದ ಸಿದ್ಧವಾಯಿತು.

ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುತ್ತಿದ್ದ ನಮ್ಮ ಹಿರಿಯರ ರೂಢಿಯನ್ನು ಈ ಬೆಳಕಿನಲ್ಲಿ ನೋಡತಕ್ಕದ್ದು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಹತ್ತಿರದ ಬೆಚ್ಚನೆಯ ಮೈಯನ್ನು ಅರಸುತ್ತವೆ. ಆ ಹೊತ್ತಿನಲ್ಲಿ ಮನೆಯೊಳಗೆ ಇಲ್ಲದಿರುವುದೇ ರಕ್ಷೆ. ಕಾರಣವನ್ನರಿಯದೆಯೂ ಅವರು ಹಿಡಿದ ದಾರಿ ಸರಿಯಾದುದಾಗಿತ್ತು.

ಕರ್ನಾಟಕದಲ್ಲಿ 1966ರ ಅನಂತರ ಮನುಷ್ಯರಲ್ಲಿ ಪ್ಲೇಗು ಕಂಡುಬಂದ ವರದಿಯಿಲ್ಲ. ಆದರೆ 1994ರಲ್ಲಿ ಬೀಡ್ ಮತ್ತು ಸೂರತ್ತುಗಳಲ್ಲಿ ಅದು ಮತ್ತೆ ತಲೆಯೆತ್ತಿ ದೇಶವನ್ನೇ ನಡುಗಿಸಿತು. ಇಂದು ಅದಕ್ಕೆ ಪರಿಣಾಮಕಾರಿಯಾದ ಔಷಧಗಳಿವೆ, ಹೆದರಿಕೆಗೆ ಕಾರಣವಿಲ್ಲ. ಆದರೆ ಇಲಿಚಿಗಟವು ಇನ್ನೊಂದು ಬಗೆಯ ಟೈಫಸ್ ಜ್ವರವನ್ನೂ ಹರಡಬಲ್ಲದು. ಅದರ ಹಿಕ್ಕೆಯು ಕೆರೆದ ಗಾಯದೊಳಕ್ಕೆ ಸೇರಿ ಈ ಜ್ವರ ಬರುತ್ತದೆ. ನಾಯಿ, ಬೆಕ್ಕುಗಳ ಚಿಗಟವನ್ನು ಆಟವಾಡುವ ಮಗು ತಿಳಿಯದೆ ನುಂಗಿದರೆ ಒಂದು ಬಗೆಯ ಲಾಡಿಹುಳು ಹೊಟ್ಟೆಯನ್ನು ಸೇರುತ್ತದೆ. ಬರಿಯ ತುರಿಕೆಯ ವಿಷಯವೆಂದು ಚಿಗಟವನ್ನು ಅಲಕ್ಷಿಸಲಾಗದು.

6. ತಡೆಯುವ ಕ್ರಮ

ಮೊದಲು ಮಾಡತಕ್ಕದ್ದು ಪರೀಕ್ಷೆ. ಬಿಳಿಯ ಪಂಚೆಯನ್ನು ಮೊಣಕಾಲಿನವರೆಗೆ ಸುತ್ತಿಕೊಂಡು ಮನೆಯ ಪ್ರತಿಯೊಂದು ಅಂಕಣದಲ್ಲಿಯೂ ನಿಧಾನವಾಗಿ ನಡೆದರೆ ಚಿಗಟಗಳು ಬಟ್ಟೆಗೆ ಹತ್ತಿ ಕಪ್ಪಾಗಿ ಕಾಣುತ್ತವೆ. ಯಾವ ಅಂಕಣದಲ್ಲಿ ಹೆಚ್ಚೆಂಬುದು ಇದರಿಂದ ತಿಳಿಯುತ್ತದೆ. ನಾಯಿಯ ಅಥವಾ ಮೇಕೆಯ ಮೈಯನ್ನು ಬಾಚಿದಾಗ ಉದುರುವ ಕರಿಯ ಪುಡಿಯನ್ನು ಒದ್ದೆಯ ಬಿಳಿಬಟ್ಟೆಯ ಮೇಲಿಡಬೇಕು. ಸುತ್ತಲೂ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆ. ಹರಡದಿದ್ದರೆ ಬರಿಯ ಮಣ್ಣು.

ಎರಡನೆಯದು, ಒಂದೇ ದಿನದಲ್ಲಿ ಮೂರು ಕೆಲಸ: ಪ್ರಾಣಿ, ನೆಲ, ಹಾಸಿಗೆ. ಇಂದು ನಾಯಿಗೆ ಔಷಧ, ಬರುವ ವಾರ ನೆಲಕ್ಕೆ ಎಂದರೆ ಒಂದರಿಂದ ಇನ್ನೊಂದಕ್ಕೆ ಚಿಗಟ ಮರಳುತ್ತದೆ.

(ಅ) ಪ್ರಾಣಿ. ನಾಯಿಯನ್ನು ಸಾಬೂನಿನ ನೀರಿನಲ್ಲಿ ಚೆನ್ನಾಗಿ ತೊಳೆದು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸಾಬೂನಿನ ನೀರಿಗೆ ಹಾಕಿದರೆ ಮುಳುಗಿ ಸಾಯುತ್ತವೆ. ಬರಿಯ ನೀರಿನಲ್ಲಾದರೆ ತೇಲಿ ಪಾರಾಗುವುದುಂಟು. ಹೆಚ್ಚಿದ್ದರೆ ಪಶುವೈದ್ಯರನ್ನು ಕೇಳಿ, ಆಯಾ ಪ್ರಾಣಿಗೆಂದೇ ಇರುವ ಔಷಧವನ್ನು ತೂಕಕ್ಕೆ ತಕ್ಕಂತೆ ಹಾಕಿಸುವುದು ಉತ್ತಮ. ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧವು ಬೆಕ್ಕಿಗೆ ವಿಷ. ಹಾಲು ಕರೆಯುವ ಮೇಕೆಗೆ ಔಷಧ ಹಾಕುವ ಮುನ್ನ ಎಷ್ಟು ದಿನ ಹಾಲನ್ನು ಬಳಸಬಾರದೆಂಬುದನ್ನು ವೈದ್ಯರಿಂದಲೇ ತಿಳಿಯತಕ್ಕದ್ದು.

(ಆ) ನೆಲ. ಗೋದಲಿಯ ಬುಡ, ಗೋಡೆಯ ಅಂಚು, ಚೀಲಗಳ ಹಿಂಬದಿ, ನಾಯಿ ಮಲಗುವ ಮೂಲೆ ಇವುಗಳನ್ನು ಬಿಡದೆ ಗುಡಿಸಬೇಕು. ಗುಡಿಸಿದ ಕಸವನ್ನು ಬಾಗಿಲ ಮುಂದಿನ ತಿಪ್ಪೆಗೆ ಹಾಕುವುದರಿಂದ ಮೊಟ್ಟೆಗಳು ಹತ್ತು ಮಾರು ದೂರ ಸರಿಯುತ್ತವೆಯೇ ಹೊರತು ನಾಶವಾಗುವುದಿಲ್ಲ. ಅದನ್ನು ಒಲೆಗೆ ಹಾಕಬೇಕು, ಇಲ್ಲವೆ ಕುದಿಯುವ ನೀರನ್ನು ಸುರಿದು ಹೂಳಬೇಕು. ಆಮೇಲೆ ಬಿರುಕುಗಳನ್ನು ಮಣ್ಣಿನಿಂದಲೋ ಸಿಮೆಂಟಿನಿಂದಲೋ ಮುಚ್ಚಿ, ಮಣ್ಣಿನ ನೆಲವಾದರೆ ಸಾರಿಸಿ, ಬಾಗಿಲು ಬೆಳಕಿಂಡಿಗಳನ್ನು ತೆರೆದು ಪೂರ್ತಿಯಾಗಿ ಒಣಗಲು ಬಿಡಬೇಕು. ಗಂಜಲವು ನಿಲ್ಲದೆ ಹೊರಗೆ ಹರಿಯುವಂತೆ ಗೋದಲಿಯ ಬಳಿ ಇಳಿಜಾರು ಮಾಡಿಸುವುದು ಒಮ್ಮೆಯ ವೆಚ್ಚ, ಬಹುಕಾಲದ ಲಾಭ.

(ಇ) ಹಾಸಿಗೆ. ಕೌದಿ, ಚಾಪೆ, ನಾಯಿಯ ಗೋಣಿ ಇವುಗಳಲ್ಲಿ ಒಗೆಯಬಹುದಾದುದನ್ನು ಕುದಿಯುವ ನೀರಿನಲ್ಲಿ ನೆನೆಸಿ ಒಗೆಯಬೇಕು. ಕಂಬಳಿಯನ್ನು ಹೊರಗೆ ಚೆನ್ನಾಗಿ ಕೊಡಹಿ, ಬೇಸಗೆಯ ಬಿಸಿಲಿನಲ್ಲಿ ಕಾದ ಬಂಡೆಯ ಮೇಲೆ ಹರಡಿ, ಮಗುಚಿ ಹಾಕುತ್ತ ದಿನವಿಡೀ ಒಣಗಿಸಬೇಕು. ಕೂಡ್ಲಿಗಿ, ಕೊಟ್ಟೂರುಗಳ ಕಡೆ ಬಂಡೆಗೂ ಬಿಸಿಲಿಗೂ ಬರವಿಲ್ಲ.

ಮೂರನೆಯದು, ಪುನರಾವೃತ್ತಿ. ಗೂಡಿನೊಳಗಿನ ಚಿಗಟಕ್ಕೆ ಯಾವ ಔಷಧವೂ ಸುಲಭವಾಗಿ ತಾಕುವುದಿಲ್ಲ. ಆದಕಾರಣ ಮೊದಲ ದಿನದ ಉಪಚಾರದ ಮೇಲೂ ಎರಡು ಮೂರು ವಾರ ಹೊಸ ಚಿಗಟಗಳು ಕಾಣಿಸಿಕೊಳ್ಳುತ್ತವೆ. ಔಷಧ ಹಿಡಿಯಲಿಲ್ಲವೆಂದು ಎದೆಗುಂದಬಾರದು. ಮೂರು ವಾರ ಪ್ರತಿದಿನವೂ ಗುಡಿಸುತ್ತಿದ್ದು, ಆ ಅವಧಿಯ ಕೊನೆಗೆ ಪ್ರಾಣಿಗಳನ್ನು ಮತ್ತೊಮ್ಮೆ ಪರೀಕ್ಷಿಸಿ ಬೇಕಾದರೆ ಉಪಚರಿಸಬೇಕು. ನೆಲಕ್ಕೆ ಕೀಟನಾಶಕವನ್ನು ಬಳಸಲೇಬೇಕಾದರೆ ಮನೆಯೊಳಗಿನ ಬಳಕೆಗೆಂದು ಚೀಟಿಯಲ್ಲಿ ಬರೆದಿರುವುದನ್ನೇ, ಬರೆದಿರುವ ಪ್ರಮಾಣದಲ್ಲಿಯೇ ಬಳಸತಕ್ಕದ್ದು. ಹೊಲಕ್ಕೆಂದು ತಂದ ವಿಷವನ್ನು ಮಕ್ಕಳು ಮಲಗುವ ನೆಲಕ್ಕೆ ಎಂದಿಗೂ ಎರಚಕೂಡದು.

ನಾಲ್ಕನೆಯದು, ಮಲಗುವ ಎತ್ತರ. ಮುಂಬಯಿಯ ಪ್ರಯೋಗದಲ್ಲಿ ಎರಡು ಅಡಿ ಎತ್ತರದ ಪಂಜರವು ಪ್ರಾಣಿಯನ್ನು ಕಾಪಾಡಿದುದನ್ನು ಇಲ್ಲಿ ನೆನೆಯಬೇಕು. ಹೊರಸಿನ ಮೇಲೆ, ಹೊದಿಕೆಯು ನೆಲಕ್ಕೆ ಜೋಲದಂತೆ ಮಲಗಿದವನನ್ನು ನೆಲದ ಚಿಗಟವು ಮುಟ್ಟಲಾರದು. ಮನೆಯಲ್ಲಿ ಒಂದೇ ಹೊರಸಿದ್ದರೆ ಅದನ್ನು ಬಾಣಂತಿಗೂ ಕೂಸಿಗೂ ಬಿಟ್ಟುಕೊಡುವುದು ವಿವೇಕ. ತೊಟ್ಟಿಲನ್ನು ತೂಗುಹಾಕುವ ನಮ್ಮ ಪದ್ಧತಿಯೂ ಈ ದೃಷ್ಟಿಯಿಂದ ಮೆಚ್ಚತಕ್ಕದ್ದೇ.

ಐದನೆಯದು, ಇಲಿ. ಇಲ್ಲಿ ಕ್ರಮ ತಪ್ಪಿದರೆ ಅಪಾಯ. ಚಿಗಟವಿರುವ ಮನೆಯಲ್ಲಿ ಮೊದಲು ಇಲಿಪಾಷಾಣವಿಟ್ಟು ಇಲಿಗಳನ್ನು ಒಮ್ಮೆಲೆ ಕೊಂದರೆ ಅವುಗಳ ಚಿಗಟಗಳೆಲ್ಲ ಮನುಷ್ಯರ ಕಡೆಗೆ ತಿರುಗುತ್ತವೆ. ಮೊದಲು ಬಿಲಗಳ ಬಾಯಿಯಲ್ಲಿಯೂ ಇಲಿ ಓಡಾಡುವ ಜಾಡಿನಲ್ಲಿಯೂ ಚಿಗಟವನ್ನು ನಾಶಮಾಡಿ, ಆಮೇಲೆ ಇಲಿಗೆ ಕೈಹಾಕುವುದು ಸರಿಯಾದ ಕ್ರಮ. ಚೀಲಗಳನ್ನು ಗೋಡೆಯಿಂದ ದೂರವಾಗಿ, ಹಲಗೆಯ ಮೇಲೆ, ಸುತ್ತಲೂ ಗುಡಿಸಲು ಎಡೆಯಿರುವಂತೆ ಒಟ್ಟಬೇಕು. ಪಾಷಾಣವಿಡದೆಯೇ ಇಲಿಗಳು ಸಾಲಾಗಿ ಸತ್ತು ಬೀಳುವುದು ಕಂಡರೆ ಅವನ್ನು ಬರಿಗೈಯಲ್ಲಿ ಮುಟ್ಟದೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು.

ಇನ್ನು ಗುಳೆ ಹೋಗುವವರಿಗೆ ಎರಡು ಮಾತು. ಹೊರಡುವ ಮುನ್ನ ಮನೆಯನ್ನು ಗುಡಿಸಿ, ಕಸವನ್ನು ಸುಟ್ಟು, ಗೋಣಿ ಕಂಬಳಿಗಳನ್ನು ನೆಲದ ಮೇಲೆ ಬಿಡದೆ ಗಳುವಿನ ಮೇಲೆ ಹಾಕಿ ಹೋಗಬೇಕು. ಮರಳಿದ ದಿನ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿ, ಹಿರಿಯರೊಬ್ಬರು ಕಾಲಿಗೆ ಬಿಳಿಬಟ್ಟೆ ಸುತ್ತಿಕೊಂಡು ಒಳಹೊಕ್ಕು ನೆಲವನ್ನು ತುಳಿದಾಡಬೇಕು. ಅದಿರಾಟಕ್ಕೆ ಎದ್ದ ಚಿಗಟಗಳು ಬಟ್ಟೆಗೆ ಹತ್ತುತ್ತವೆ. ಬಟ್ಟೆಯನ್ನು ಸಾಬೂನಿನ ಬಿಸಿನೀರಿಗೆ ಅದ್ದಬೇಕು. ಹೀಗೆ ಕೆಲವು ಸಾರಿ ಮಾಡಿ, ಗುಡಿಸಿ, ಸಾರಿಸಿದ ಮೇಲೆ ಮಕ್ಕಳು ಒಳಗೆ ಬರಲಿ. ರಾತ್ರಿ ಅಗಲವಾದ ತಟ್ಟೆಯಲ್ಲಿ ಸಾಬೂನಿನ ನೀರನ್ನಿಟ್ಟು ಅದರ ಮೇಲೆ ಸಣ್ಣ ದೀಪವನ್ನು ಬೆಳಗಿಸಿದರೆ, ಬೆಳಕಿಗೆ ಬಂದ ಹೊಸ ಚಿಗಟಗಳು ನೀರಿಗೆ ಬೀಳುತ್ತವೆ. ಇದರಿಂದ ಉಪದ್ರವ ಪೂರ್ತಿ ನೀಗದು. ಆದರೆ ದಿನದಿನಕ್ಕೆ ಇಳಿಯುತ್ತಿದೆಯೋ ಇಲ್ಲವೋ ಎಂಬುದನ್ನು ಎಣಿಸಿ ನೋಡಬಹುದು.

7. ರೂಢಿಯ ಉಪಾಯಗಳು

ಬೇವಿನ ಸೊಪ್ಪಿನ ಅಥವಾ ಲಕ್ಕಿಸೊಪ್ಪಿನ ಹೊಗೆ ಹಾಕುವುದು ಹಳೆಯ ಪದ್ಧತಿ. ಹೊಗೆಯು ಬೆಳೆದ ಕೀಟಗಳನ್ನು ಸ್ವಲ್ಪ ಹೊತ್ತು ಓಡಿಸಬಹುದು. ಧೂಳಿನಾಳದ ಹುಳುವಿಗೂ ಗೂಡಿಗೂ ಅದು ತಲುಪದು. ಮುಚ್ಚಿದ ಮನೆಯಲ್ಲಿ ಕೂಸಿನ ಉಸಿರಿಗೆ ಕೇಡು. ಸಗಣಿ ಸಾರಿಸುವುದರ ಗುಣ ಬಿರುಕು ಮುಚ್ಚುವುದರಲ್ಲಿದೆ. ಗುಡಿಸದೆ ಸಾರಿಸಿ, ಒಣಗುವ ಮುನ್ನವೇ ಚಾಪೆ ಹಾಸಿದರೆ ತೇವವೊಂದೇ ಹೆಚ್ಚಿದಂತಾಗುತ್ತದೆ. ಹಬ್ಬಕ್ಕೆ ಮುನ್ನ ಮನೆಯ ಸಾಮಾನನ್ನೆಲ್ಲ ಹೊರಗಿಟ್ಟು, ಗೋಡೆಗೆ ಸುಣ್ಣ ಹೊಡೆದು, ಹಾಸಿಗೆಗಳನ್ನು ಹಳ್ಳಕ್ಕೆ ಒಯ್ದು ಒಗೆಯುವ ರೂಢಿಯಂತೂ ಎಲ್ಲಕ್ಕಿಂತ ಉತ್ತಮವಾದುದು. ಅದು ವರ್ಷಕ್ಕೊಮ್ಮೆಗೆ ನಿಲ್ಲದೆ ಮುಂಗಾರಿಗೆ ಮುನ್ನ ಒಮ್ಮೆಯೂ ನಡೆದರೆ ಸಾಕು.

ಒಂದು ಕಾಲದಲ್ಲಿ ಚಿಗಟಕ್ಕೂ ತಿಗಣೆಗೂ ಡಿ.ಡಿ.ಟಿ. ಮತ್ತು ಗಮ್ಯಾಕ್ಸಿನ್ ಪುಡಿಗಳನ್ನು ಎರಚುತ್ತಿದ್ದರು. ಇಲಿಚಿಗಟಗಳು ಡಿ.ಡಿ.ಟಿ.ಗೆ ಒಗ್ಗಿಕೊಂಡು ಅದರಿಂದ ಸಾಯದಾದವು. ಗಮ್ಯಾಕ್ಸಿನ್ನಿನ ಮೂಲವಸ್ತುವಾದ ಬಿ.ಎಚ್.ಸಿ.ಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಅಟ್ಟದ ಮೂಲೆಯಲ್ಲಿ ಹಳೆಯ ಪುಡಿಯ ಪೊಟ್ಟಣ ಉಳಿದಿದ್ದರೆ ಅದನ್ನು ಬಳಸಕೂಡದು.

8. ಉಪಸಂಹಾರ

ಮೇಲ್ಕಂಡ ವಿವರಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಚಿಗಟವನ್ನು ಹೊಸ್ತಿಲಲ್ಲಿ ತಡೆಯುವುದೆಂದರೆ ಬಾಗಿಲು ಮುಚ್ಚುವುದಲ್ಲ. ಅದು ಬೆಳೆಯಲು ಬೇಕಾದ ಧೂಳು, ತೇವ, ಕತ್ತಲೆಗಳು ಮೂರೂ ಒಂದೆಡೆ ಸೇರದಂತೆ ನೋಡಿಕೊಳ್ಳುವುದು. ಪೊರಕೆ, ಬಿಸಿಲು, ಕುದಿನೀರು, ಸಾಬೂನು ಇವು ಬಡವನ ಮನೆಗೂ ಎಟಕುವ ಸಾಧನಗಳು. ಔಷಧವು ಇವಕ್ಕೆ ಸಹಾಯಕವಾಗಬಲ್ಲದು, ಇವುಗಳ ಸ್ಥಾನವನ್ನು ತುಂಬಲಾರದು. ಆದರೆ ನಾಯಿ, ಇಲಿಗಳಿಗೆ ಮನೆಯ ಎಲ್ಲೆ ತಿಳಿಯದು. ಒಂದು ಓಣಿಯಲ್ಲಿ ಒಂದೇ ಮನೆಯು ಶುಚಿಯಾಗಿದ್ದು ಫಲವಿಲ್ಲ. ಓಣಿಯವರೆಲ್ಲ ಒಂದು ದಿನವನ್ನು ಗೊತ್ತುಮಾಡಿಕೊಂಡು, ಮುಂಗಾರಿಗೆ ಮುಂಚೆ, ಬಿಸಿಲು ಇನ್ನೂ ಚುರುಕಾಗಿರುವಾಗ, ಈ ಕೆಲಸವನ್ನು ಒಟ್ಟಾಗಿ ನಡೆಸುವುದು ಮೇಲು. ಹಾಗೆ ನಡೆಸಿದ ಊರಿನಲ್ಲಿ ಗುಳೆಯಿಂದ ದಣಿದು ಬಂದವರು ಬೀಗ ತೆಗೆದ ಮೊದಲ ರಾತ್ರಿಯೇ ನೆಮ್ಮದಿಯಾಗಿ ನಿದ್ದೆ ಮಾಡಬಹುದು.